ಸೈಕಲ್ಲಿನ ಬಣ್ಣ ಎಷ್ಟು ಮುಖ್ಯ? ಬ್ರೇಕಿಗಿಂತ ಕಡಿಮೆ, ನಾವು ಒಪ್ಪಿಕೊಳ್ಳೋದಕ್ಕಿಂತ ಜಾಸ್ತಿ

ತಿ. ನರಸೀಪುರ ತಾಲ್ಲೂಕಿನ ಮುಡುಕುತೊರೆಯಲ್ಲಿ, ಮಲ್ಲಿಕಾರ್ಜುನಸ್ವಾಮಿ ಬೆಟ್ಟದ ಕೆಳಗೆ ಪ್ರತಿವರ್ಷ ದನಗಳ ಜಾತ್ರೆ ಕಟ್ಟುತ್ತೆ. ಜೋಡಿ ಎತ್ತು ಕೊಳ್ಳೋಕೆ ಬಂದ ರೈತನ ಕಣ್ಣು ಮೊದಲು ಹೋಗೋದು ಮೈಬಣ್ಣದ ಮೇಲೆ. ಎರಡರ ಬಣ್ಣ ಹೊಂದಬೇಕು, ಕೊಂಬು ಹೊಂದಬೇಕು, ಸುಳಿ ನೆಟ್ಟಗಿರಬೇಕು. ಆದರೆ ಬಾಯಿ ಬಿಡಿಸಿ ಹಲ್ಲು ನೋಡದೆ, ನಾಲ್ಕು ಹೆಜ್ಜೆ ನಡೆಸಿ ನೋಡದೆ, ಯಾರೂ ಟವೆಲ್ಲಿನ ಕೆಳಗೆ ಕೈ ಹಾಕಿ ವ್ಯಾಪಾರಕ್ಕೆ ಕೂರಲ್ಲ. ಬಣ್ಣ ಹತ್ತಿರ ಕರೆಯುತ್ತೆ ಅಷ್ಟೆ, ತೀರ್ಮಾನ ಮಾಡೋದು ಹಲ್ಲು.

ಸೈಕಲ್ ಅಂಗಡಿಗೆ ಹೋದಾಗ ನಾವು ಈ ಬುದ್ಧಿಯನ್ನ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗ್ತೀವಿ. "ಯಾವ ಕಲರ್ ಬೇಕು?" ಅಂತ ಅಂಗಡಿಯವರು ಕೇಳ್ತಾರೆ, ನಾವು ಹೇಳ್ತೀವಿ, ಅರ್ಧ ಕೆಲಸ ಮುಗಿದೇಹೋಯ್ತು. ಸರ್ಕಾರ ಮಕ್ಕಳಿಗೆ ಸೈಕಲ್ ಕೊಡುವಾಗಲೂ ಇದೇ ಕಥೆ. ಬಣ್ಣದ ಬಗ್ಗೆ ಟಿವಿಯಲ್ಲಿ ಚರ್ಚೆ ಆಗುತ್ತೆ, ಬ್ರೇಕಿನ ಬಗ್ಗೆ ಆಗಲ್ಲ. ಹಾಗಾದ್ರೆ ಬಣ್ಣಕ್ಕೆ ನಿಜವಾಗಿ ಎಷ್ಟು ತೂಕ ಕೊಡಬೇಕು? ಒಂದೊಂದಾಗಿ ನೋಡೋಣ.

ಬಣ್ಣ ಮಾಡದೇ ಇರೋ ಕೆಲಸಗಳು

ಸೈಕಲ್ ಎಷ್ಟು ಹಗುರವಾಗಿ ಓಡುತ್ತೆ, ಎಷ್ಟು ವರ್ಷ ಬಾಳುತ್ತೆ, ಎಷ್ಟು ಬೇಗ ನಿಲ್ಲುತ್ತೆ ಅನ್ನೋದಕ್ಕೂ ಬಣ್ಣಕ್ಕೂ ಸಂಬಂಧ ಇಲ್ಲ. ತುಕ್ಕು ಹಿಡಿಯೋದನ್ನ ತಡೆಯೋದು ಬಣ್ಣದ ಕೆಳಗಿನ ತಯಾರಿ. ಕಬ್ಬಿಣವನ್ನ ಚೆನ್ನಾಗಿ ತೊಳೆದು, ರಾಸಾಯನಿಕ ಪದರ ಕೊಟ್ಟು, ಆಮೇಲೆ ಪೇಂಟ್ ಮಾಡಿ ಬೇಯಿಸಿದರೆ ಬಾಳಿಕೆ ಬರುತ್ತೆ. ಆ ಕೆಲಸದಲ್ಲಿ ಉಳಿತಾಯ ಮಾಡಿದ್ದರೆ ಕಪ್ಪೂ ಕಿತ್ತು ಬರುತ್ತೆ, ಕೆಂಪೂ ಕಿತ್ತು ಬರುತ್ತೆ. ಅಜ್ಜಂದಿರ ಕಾಲದ ಸೈಕಲ್ಲುಗಳೆಲ್ಲ ಕಪ್ಪಗಿದ್ದದ್ದು ಫ್ಯಾಷನ್ನಿಗಾಗಿ ಅಲ್ಲ. ಒಲೆಯಲ್ಲಿ ಬೇಯಿಸಿದ ಕಪ್ಪು ಎನಾಮಲ್ ಅಗ್ಗವಾಗಿತ್ತು, ಗಟ್ಟಿಯಾಗಿತ್ತು. ಗೀರು ಬಿದ್ದರೆ ಯಾವ ಊರಿನ ಅಂಗಡಿಯಲ್ಲಾದರೂ ಒಂದು ಚಿಕ್ಕ ಡಬ್ಬಿ ಕಪ್ಪು ಪೇಂಟ್ ಸಿಗುತ್ತಿತ್ತು. ಈ ಕೊನೆಯ ಅನುಕೂಲ ಇವತ್ತಿಗೂ ಇದೆ.

ಹಾಗಾದ್ರೆ 'ಹಲ್ಲು ನೋಡೋದು' ಅಂದ್ರೆ ಸೈಕಲ್ಲಿನಲ್ಲಿ ಏನು ನೋಡೋದು? ಮೊದಲನೆಯದು ಅಳತೆ. ಸೀಟಿನ ಮೇಲೆ ಕೂತು, ಪೆಡಲ್ ಪೂರ್ತಿ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಮುಂದಕ್ಕೆ ಇಳಿದು ನಿಂತರೆ ಅಡ್ಡಬಾರಿಗೂ ಮೈಗೂ ಮಧ್ಯೆ ಜಾಗ ಇರಬೇಕು. ಅಳತೆ ತಪ್ಪಿದ ಸೈಕಲ್ ಮಂಡಿ ನೋಯಿಸುತ್ತೆ, ಕೊನೆಗೆ ಗೋಡೆಗೆ ಒರಗಿಕೊಂಡು ನಿಲ್ಲುತ್ತೆ.

ಎರಡನೆಯದು ಬ್ರೇಕು. ಇಲ್ಲಿ ರಿಮ್ ಯಾವ ಲೋಹದ್ದು ಅಂತ ಕೇಳಲೇಬೇಕು. ಸ್ಟೀಲ್ ರಿಮ್ ಮಳೆಯಲ್ಲಿ ನೆಂದರೆ ರಬ್ಬರ್ ಕಟ್ಟೆ ಅದರ ಮೇಲೆ ಜಾರುತ್ತೆ, ಒಣಗಿದ್ದಾಗ ನಿಲ್ಲೋ ಜಾಗಕ್ಕಿಂತ ಎಷ್ಟೋ ಮುಂದೆ ಹೋಗಿ ನಿಲ್ಲುತ್ತೆ. ಅಲ್ಯೂಮಿನಿಯಂ ರಿಮ್ ಈ ವಿಷಯದಲ್ಲಿ ಬಹಳ ವಾಸಿ. ಮಳೆಗಾಲದಲ್ಲಿ ನಾಲೆ ಏರಿಯ ಮೇಲೆ ಸ್ಕೂಲಿಗೆ ಹೋಗೋ ಮಗುವಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಮೂರನೆಯದು ಚೈನಿನ ಲೆಕ್ಕ. ಮುಂದಿನ ಚಕ್ರಕ್ಕೆ 44 ಹಲ್ಲು, ಹಿಂದಿನದಕ್ಕೆ 18 ಹಲ್ಲು ಇದ್ದು, 26 ಇಂಚಿನ ಟೈರ್ ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಸುಮಾರು 5 ಮೀಟರ್ ಮುಂದೆ ಹೋಗುತ್ತೆ. ಬಯಲಿನಲ್ಲಿ ಇದು ಆರಾಮ. ಏರು ದಾರಿಯಲ್ಲಿ, ಹಿಂದೆ ಕ್ಯಾರಿಯರ್ ಮೇಲೆ ತಂಗಿಯೋ ಮೇವಿನ ಹೊರೆಯೋ ಇದ್ದರೆ, ಕಾಲಿಗೆ ಭಾರ.

ಇದರಲ್ಲಿ ಯಾವುದೂ ಬಣ್ಣದ ಕ್ಯಾಟಲಾಗಿನಲ್ಲಿ ಇರಲ್ಲ.

ಆದರೆ ರಸ್ತೆಯಲ್ಲಿ ಕಾಣಬೇಕಲ್ಲ?

ಬಣ್ಣದ ಪರವಾಗಿ ಹೇಳೋ ಅತ್ಯಂತ ಗಂಭೀರ ವಾದ ಇದು: ಹೊಳೆಯೋ ಬಣ್ಣದ ಸೈಕಲ್ ಲಾರಿಯವನಿಗೆ ಬೇಗ ಕಾಣುತ್ತೆ, ಕಪ್ಪು ಕಾಣಲ್ಲ. ಇದನ್ನ ತಳ್ಳಿಹಾಕೋ ಹಾಗಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅದರಲ್ಲಿ ನೂರಕ್ಕೆ ಸುಮಾರು ಮೂರು ಜನ ಸೈಕಲ್ ಸವಾರರು.

ಆದರೆ ಸೈಕಲ್ಲಿನ ಬಾಡಿ ಅಂದ್ರೆ ಏನು? ಕೆಲವು ಸಣ್ಣ ಪೈಪುಗಳು. ಹಿಂದಿನಿಂದ ನೋಡಿದರೆ ಅದರಲ್ಲಿ ಪೇಂಟ್ ಕಾಣೋದು ಅಂಗೈಯಷ್ಟು. ಹಿಂದೆ ಬರೋ ಡ್ರೈವರಿಗೆ ಕಾಣೋದು ಸವಾರನ ಬೆನ್ನು, ಸ್ಕೂಲ್ ಬ್ಯಾಗು, ಮಡ್‌ಗಾರ್ಡು. ಡೆನ್ಮಾರ್ಕಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಸೈಕಲ್ ಸವಾರರನ್ನ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಳದಿ ಜಾಕೆಟ್ ಕೊಟ್ಟು ಒಂದು ವರ್ಷ ಅಧ್ಯಯನ ಮಾಡಿದರು. ಬೇರೆಯವರ ಜೊತೆ ಡಿಕ್ಕಿಯಾಗಿ ಗಾಯವಾದ ಪ್ರಕರಣಗಳು ಜಾಕೆಟ್ ಗುಂಪಿನಲ್ಲಿ 47% ಕಡಿಮೆ ಇದ್ದವು. ಜನ ತಾವೇ ವರದಿ ಮಾಡುವಾಗ ಆಗೋ ಏರುಪೇರನ್ನ ಕಳೆದರೂ 38% ಕಡಿಮೆ. ಅಂದ್ರೆ ಬಣ್ಣ ಕೆಲಸ ಮಾಡಿತು, ನಿಜ. ಆದರೆ ಮಾಡಿದ್ದು ಮೈಮೇಲಿನ ಬಣ್ಣ, ಸೈಕಲ್ಲಿನದ್ದಲ್ಲ.

ಸಂಜೆಯಾದ ಮೇಲೆ ಕಥೆ ಇನ್ನೂ ಬೇರೆ. ಬೆಳಕು ಕಡಿಮೆಯಾದಾಗ ನಮ್ಮ ಕಣ್ಣಿನಲ್ಲಿ ಕೆಲಸ ಮಾಡೋ ಜೀವಕೋಶಗಳಿಗೆ ಕೆಂಪು ಸರಿಯಾಗಿ ಗೊತ್ತಾಗಲ್ಲ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಣ್ಣು ಕುಕ್ಕೋ ಕೆಂಪು ಸೈಕಲ್ ಮುಸ್ಸಂಜೆಗೆ ಹೆಚ್ಚುಕಡಿಮೆ ಕಪ್ಪಾಗಿಬಿಡುತ್ತೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರೋ ಗಾಡಿ, ಡ್ರೈವರ್ ನೋಡಿ ಬ್ರೇಕ್ ತುಳಿದು ನಿಲ್ಲೋಕೆ ಸುಮಾರು 50 ಮೀಟರ್ ಬೇಕು. ಕಬ್ಬು ತುಂಬಿದ ಗಾಡಿಗೆ ಇನ್ನೂ ಜಾಸ್ತಿ. ಅಷ್ಟು ದೂರದಿಂದ ಕಾಣಬೇಕಾದ್ದು ಪೇಂಟ್ ಅಲ್ಲ, ರಿಫ್ಲೆಕ್ಟರ್. ಪೇಂಟು ಬೆಳಕನ್ನ ಎಲ್ಲ ಕಡೆಗೂ ಚೆದುರಿಸುತ್ತೆ. ರಿಫ್ಲೆಕ್ಟರ್ ಅದನ್ನ ಬಂದ ದಾರಿಯಲ್ಲೇ, ಅಂದ್ರೆ ಡ್ರೈವರಿನ ಕಣ್ಣಿಗೇ ವಾಪಸ್ ಕಳಿಸುತ್ತೆ. ಹಿಂದೆ ಕೆಂಪು, ಮುಂದೆ ಬಿಳಿ, ಪೆಡಲಿಗೆ ಹಳದಿ, ಚಕ್ರದ ಕಡ್ಡಿಗಳಿಗೆ ಒಂದೆರಡು. ಪೆಡಲಿನದು ಮೇಲೆ ಕೆಳಗೆ ಆಡೋದರಿಂದ ಇದು ಸೈಕಲ್ ಅಂತ ದೂರದಿಂದಲೇ ಗೊತ್ತಾಗುತ್ತೆ.

ಅಕ್ಕನ ಪಿಂಕ್ ಸೈಕಲ್

ಹಾಗಂತ ಬಣ್ಣ ಸುಮ್ನೆ ಶೋಕಿ ಅಂತ ಹೇಳಿ ಮುಗಿಸೋಕಾಗಲ್ಲ. ಸೈಕಲ್ ಓಡಿಸೋದು ಯಂತ್ರ ಅಲ್ಲ, ಮನುಷ್ಯರು. ಹದಿಮೂರು ವರ್ಷದ ಹುಡುಗಿಗೆ ಸೈಕಲ್ ಇಷ್ಟವಾದರೆ ಒರೆಸ್ತಾಳೆ, ಚೈನಿಗೆ ಎಣ್ಣೆ ಬಿಡ್ತಾಳೆ, ಪಂಚರ್ ಆದರೆ ಅವತ್ತೇ ಹಾಕಿಸ್ತಾಳೆ. ಇಷ್ಟವಾಗದಿದ್ದರೆ ಅದು ದನದ ಕೊಟ್ಟಿಗೆಯ ಮೂಲೆ ಸೇರುತ್ತೆ. ಆ ಮಟ್ಟಿಗೆ ಬಣ್ಣಕ್ಕೆ ಬೆಲೆ ಇದೆ.

ಆದರೆ ಆ ಇಷ್ಟವನ್ನ ಯಾರು ತಯಾರು ಮಾಡ್ತಾರೆ ಅನ್ನೋದನ್ನೂ ಕೇಳಬೇಕು. ಹುಡುಗಿಯರದು ಅಂದ್ರೆ ಪಿಂಕು, ನೇರಳೆ, ಮುಂದೊಂದು ಬುಟ್ಟಿ. ಹುಡುಗರದು ಅಂದ್ರೆ ಕಪ್ಪು, ಕೆಂಪು, ದಪ್ಪ ಟೈರು. ಅಡ್ಡಬಾರು ಇಲ್ಲದ ಸೈಕಲ್ ಲಂಗ, ಚೂಡಿದಾರ ಹಾಕಿದವರಿಗೆ ಹತ್ತಿಳಿಯೋಕೆ ಅನುಕೂಲ, ಅದು ನಿಜವಾದ ಉಪಯೋಗ. ಪಿಂಕ್ ಬಣ್ಣದಿಂದ ಅಂಥ ಉಪಯೋಗ ಏನೂ ಇಲ್ಲ. ಅದರ ಪರಿಣಾಮ ಮಾತ್ರ ಇದೆ: ಅಕ್ಕ ಕಾಲೇಜಿಗೆ ಹೋದಮೇಲೆ ತಮ್ಮ ಆ ಸೈಕಲ್ ಮುಟ್ಟಲ್ಲ, ಮನೆಯವರು ಎರಡನೇ ಸೈಕಲ್ ಕೊಳ್ಳಬೇಕು. ಕೂಲಿಯಿಂದ ನಡೆಯೋ ಮನೆಗೆ ಇದು ಸಣ್ಣ ಖರ್ಚಲ್ಲ. ಮನೆಯಲ್ಲಿ ಇಬ್ಬರು ಮೂವರು ಮಕ್ಕಳಿದ್ದರೆ ನೀಲಿ, ಹಸಿರು, ಬೂದು ಥರದ ಯಾರೂ ಬೇಡ ಅನ್ನದ ಬಣ್ಣ ಆರಿಸೋದು ಲೆಕ್ಕದ ಮಾತು.

ಸರ್ಕಾರ ಬಣ್ಣ ಆರಿಸಿದಾಗ

ಇಲ್ಲಿವರೆಗೆ ಹೇಳಿದ್ದು ಆರಿಸೋ ಅವಕಾಶ ಇರೋರ ಮಾತು. ನಮ್ಮ ರಾಜ್ಯದ ಲಕ್ಷಾಂತರ ಮಕ್ಕಳ ಮೊದಲ ಸೈಕಲ್ಲಿನ ಬಣ್ಣ ಆರಿಸಿದ್ದು ಟೆಂಡರು. 2006-07ರಲ್ಲಿ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿ, ಬಿ.ಎಸ್. ಯಡಿಯೂರಪ್ಪ ಉಪಮುಖ್ಯಮಂತ್ರಿ ಆಗಿದ್ದ ಸಮ್ಮಿಶ್ರ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡೋ ಯೋಜನೆ ಶುರು ಮಾಡಿತು. ಎಂಟನೇ ಕ್ಲಾಸೇ ಯಾಕೆ? ನಮ್ಮ ಹಳ್ಳಿಗಳಲ್ಲಿ ಶಾಲೆ ಸಾಮಾನ್ಯವಾಗಿ ಏಳಕ್ಕೆ ಮುಗಿಯುತ್ತೆ, ಹೈಸ್ಕೂಲು ಪಕ್ಕದ ದೊಡ್ಡ ಊರಿನಲ್ಲಿ ಇರುತ್ತೆ. ಮುಡುಕುತೊರೆಯ ಸುತ್ತಿನ ಸಣ್ಣ ಊರಿನ ಮಗು ತಲಕಾಡಿನ ಕಡೆಗೋ ನರಸೀಪುರದ ಕಡೆಗೋ ಹೊರಡಬೇಕಾದ ವರ್ಷ ಅದು. ಹೆಣ್ಣುಮಕ್ಕಳನ್ನ ಶಾಲೆ ಬಿಡಿಸೋ ವರ್ಷವೂ ಅದೇ.

ಸೈಕಲ್ಲಿಂದ ಏನು ಬದಲಾಗುತ್ತೆ ಅನ್ನೋದಕ್ಕೆ ಗಟ್ಟಿ ಪುರಾವೆ ಬಿಹಾರದಿಂದ ಬಂದಿದೆ. ಅಲ್ಲೂ 2006ರಲ್ಲಿ ಹೆಣ್ಣುಮಕ್ಕಳಿಗೆ ಯೋಜನೆ ಶುರುವಾಯಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿದಾಗ, ಸರಿಯಾದ ವಯಸ್ಸಿಗೆ ಹೈಸ್ಕೂಲ್ ಸೇರೋ ಹುಡುಗಿಯರ ಪ್ರಮಾಣ 32% ಏರಿತ್ತು, ಹುಡುಗ ಹುಡುಗಿಯರ ನಡುವಿನ ಅಂತರ 40% ಇಳಿದಿತ್ತು. ಹೈಸ್ಕೂಲ್ ಮೂರು ಕಿಲೋಮೀಟರಿಗಿಂತ ದೂರ ಇದ್ದ ಊರುಗಳಲ್ಲಿ ಲಾಭ ಹೆಚ್ಚು. ಇನ್ನೊಂದು ವಿಷಯ ಗಮನಿಸಿ: ಬಿಹಾರ ಕೊಟ್ಟಿದ್ದು ಸೈಕಲ್ ಅಲ್ಲ, ಸೈಕಲ್ ಕೊಳ್ಳೋಕೆ 2,000 ರೂಪಾಯಿ. ಬಣ್ಣ ಆರಿಸಿದ್ದು ಮನೆಯವರೇ.

ಸರ್ಕಾರವೇ ಆರಿಸಿದರೆ ಏನಾಗುತ್ತೆ ಅಂತ ತಿಳಿಯೋಕೆ ರಾಜಸ್ಥಾನ ನೋಡಿ. ವಸುಂಧರಾ ರಾಜೇ ಸರ್ಕಾರ 2017ರಲ್ಲಿ ವಿದ್ಯಾರ್ಥಿನಿಯರ ಸೈಕಲ್ಲಿಗೆ ಕೇಸರಿ ಬಣ್ಣ ತಂದಿತು. ಅಶೋಕ್ ಗೆಹ್ಲೋಟ್ ಸರ್ಕಾರ ಬಂದ ಮೇಲೆ ಕಪ್ಪಾಯಿತು. 2023ರ ಡಿಸೆಂಬರಿನಲ್ಲಿ ಸರ್ಕಾರ ಮತ್ತೆ ಬದಲಾಯಿತು, ಆಮೇಲೆ ಸೈಕಲ್ ಮತ್ತೆ ಕೇಸರಿ. ಈ ಮೂರು ಸುತ್ತಿನಲ್ಲಿ ಸುದ್ದಿಯಾಗಿದ್ದು ಪೇಂಟು. ಬ್ರೇಕು, ರಿಮ್ಮು ಯಾವ ಪಕ್ಷದ ಪ್ರಣಾಳಿಕೆಗೂ ಬರಲಿಲ್ಲ.

ನಾವೇನು ಕಮ್ಮಿ ಇಲ್ಲ. 2022ರ ನವೆಂಬರಿನಲ್ಲಿ 'ವಿವೇಕ' ಶಾಲಾ ಕೊಠಡಿಗಳಿಗೆ ಕೇಸರಿ ಬಳಿಯೋ ಮಾತು ಬಂದಾಗ ರಾಜ್ಯವೇ ಗೋಡೆಯ ಬಣ್ಣದ ಬಗ್ಗೆ ವಾದ ಮಾಡಿತು. ಅದೇ ತಿಂಗಳು ಮೈಸೂರಿನಿಂದ ನಂಜನಗೂಡಿಗೆ ಹೋಗೋ ರಸ್ತೆಯ ಬಸ್ ತಂಗುದಾಣದ ಗುಮ್ಮಟಗಳು ಜಗಳವಾಗಿ, ಎರಡು ಗುಮ್ಮಟ ಹೋಗಿ, ಉಳಿದ ಒಂದು ಚಿನ್ನದ ಬಣ್ಣ ಕಳಚಿ ಕೆಂಪಾಯಿತು. ಅಲ್ಲಿ ಬಸ್ ಹೊತ್ತಿಗೆ ಸರಿಯಾಗಿ ಬರುತ್ತಾ ಅನ್ನೋದು ಜಗಳದಲ್ಲಿ ಇರಲೇ ಇಲ್ಲ.

ಬಣ್ಣ ಯಾಕೆ ಇಷ್ಟು ಸುಲಭವಾಗಿ ರಾಜಕೀಯ ಆಗುತ್ತೆ? ಬದಲಾಯಿಸೋಕೆ ಹೆಚ್ಚು ಖರ್ಚಿಲ್ಲ, ಫೋಟೋದಲ್ಲಿ ಕಾಣುತ್ತೆ, ಅಭಿಪ್ರಾಯ ಹೇಳೋಕೆ ಏನೂ ಓದಬೇಕಿಲ್ಲ. ಸ್ಟೀಲ್ ರಿಮ್ಮಿನ ಬಗ್ಗೆ ಅಭಿಪ್ರಾಯ ಇರಬೇಕಾದರೆ ಮಳೆಯಲ್ಲಿ ಸೈಕಲ್ ತುಳಿದಿರಬೇಕು.

ಸರ್ಕಾರಿ ಸೈಕಲ್ಲಿಗೆ ಒಂದೇ ಬಣ್ಣ ಇದ್ದರೆ ಮಾರಾಟ ತಡೆಯಬಹುದು, ಕಳವಾದರೆ ಗುರುತು ಸಿಗುತ್ತೆ ಅನ್ನೋ ವಾದ ಇದೆ. ಒಪ್ಪೋಣ. ಆದರೆ ಆ ಕೆಲಸಕ್ಕೆ ಫ್ರೇಮಿನ ಮೇಲೆ ಕೆತ್ತಿದ ನಂಬರು ಸಾಕು, ಅದು ಪೇಂಟಿನಂತೆ ಬದಲಾಗಲ್ಲ. ಒಂದೇ ಬಣ್ಣದ ಇನ್ನೊಂದು ಮುಖ ಏನಂದ್ರೆ, ಇವಳು 'ಸರ್ಕಾರಿ ಸೈಕಲ್' ಹುಡುಗಿ ಅಂತ ದೂರದಿಂದಲೇ ಗೊತ್ತಾಗುತ್ತೆ. ಬಡತನಕ್ಕೆ ಯೂನಿಫಾರಂ ಹಾಕಬೇಕಾ?

ಸೈಕಲ್ಲೇ ಬರದಿದ್ದರೆ

ಇಷ್ಟೆಲ್ಲದರ ಮಧ್ಯೆ ದೊಡ್ಡ ವಿಷಯ ಮರೆತೇಹೋಯಿತು. 2020ರಲ್ಲಿ ಕೋವಿಡ್ ಬಂದು ಶಾಲೆ ಮುಚ್ಚಿದಾಗ ನಮ್ಮ ರಾಜ್ಯದಲ್ಲಿ ಸೈಕಲ್ ವಿತರಣೆ ನಿಂತಿತು. ಶಾಲೆ ತೆರೆದವು, ಸೈಕಲ್ ವರ್ಷಗಟ್ಟಲೆ ವಾಪಸ್ ಬರಲಿಲ್ಲ. ನಿಲ್ಲಿಸಿದ್ದು ಒಂದು ಪಕ್ಷದ ಸರ್ಕಾರ, 2023ರಲ್ಲಿ ಬಂದ ಇನ್ನೊಂದು ಪಕ್ಷಕ್ಕೂ ಅದು ಅವಸರದ ಕೆಲಸ ಅನ್ನಿಸಲಿಲ್ಲ. ಆ ವರ್ಷ ಜೂನ್ 11ಕ್ಕೆ ಶುರುವಾದ 'ಶಕ್ತಿ' ಯೋಜನೆಯಿಂದ ಹುಡುಗಿಯರಿಗೆ ಬಸ್ ಉಚಿತ, ಅದು ದೊಡ್ಡ ವಿಷಯವೇ. ಆದರೆ ಬಸ್ಸೇ ಹೋಗದ ಊರಿನಲ್ಲಿ ಉಚಿತ ಟಿಕೆಟ್ ಏನು ಮಾಡುತ್ತೆ? ಹುಡುಗರಿಗೆ ಅದೂ ಇಲ್ಲ.

ಕೇಸರಿ ಸೈಕಲ್ ಕೊಟ್ಟಿದ್ದರೆ ನಾವು ಒಂದು ವಾರ ಜಗಳ ಆಡ್ತಿದ್ವಿ. ಸೈಕಲ್ಲೇ ಕೊಡದೇ ಇದ್ದಾಗ ಅಷ್ಟು ಜೋರಾಗಿ ಯಾರೂ ಜಗಳ ಆಡಲಿಲ್ಲ.

ಆದ್ದರಿಂದ ನೀವೇ ಸೈಕಲ್ ಕೊಳ್ಳೋದಾದರೆ ಕ್ರಮ ಹೀಗಿರಲಿ: ಅಳತೆ, ಬ್ರೇಕು, ರಿಮ್ಮು, ರಿಫ್ಲೆಕ್ಟರು. ಇವೆಲ್ಲ ಸರಿ ಇರೋ ಎರಡು ಸೈಕಲ್ ಪಕ್ಕಪಕ್ಕ ನಿಂತಾಗ ಬಣ್ಣ ನೋಡಿ. ಆಗ ಸಂಕೋಚ ಬೇಡ, ಮನಸ್ಸಿಗೆ ಬಂದದ್ದನ್ನೇ ತಗೊಳ್ಳಿ. ನಿಮ್ಮ ಕ್ಷೇತ್ರದ ಶಾಸಕರು ಸಿಕ್ಕಿದರೆ ಮೂರು ಪ್ರಶ್ನೆ ಕೇಳಿ. ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಯಾವಾಗ? ಟೆಂಡರಿನಲ್ಲಿ ಅಲ್ಯೂಮಿನಿಯಂ ರಿಮ್ಮು, ರಿಫ್ಲೆಕ್ಟರು, ಕನಿಷ್ಠ ಎರಡು ಅಳತೆ ಇದೆಯಾ? ಬಣ್ಣವನ್ನ ಮಕ್ಕಳೇ ಆರಿಸೋ ಹಾಗೆ ಮಾಡೋಕೆ ಏನು ಅಡ್ಡಿ? ಮೂರನೆಯದಕ್ಕೆ ಉತ್ತರ ತಕ್ಷಣ ಸಿಗಬಹುದು. ಮೊದಲ ಎರಡಕ್ಕೆ ಉತ್ತರ ಸಿಗೋವರೆಗೂ ಕೇಳ್ತಾನೇ ಇರಿ.