ಎರಡು ಬಗೆಯ ಕೆಂಪು

ಬೇಸಗೆಯ ಸಂಜೆ ಹಾನಗಲ್ಲಿನ ಆನಿಕೆರೆಯ ದಂಡೆಯ ಮೇಲೆ ನಿಂತು ಪಡುವಣ ದಿಕ್ಕನ್ನು ನೋಡುವವನಿಗೆ, ದಿನವೆಲ್ಲ ಕಣ್ಣು ಕುಕ್ಕಿದ ಸೂರ್ಯನು ಕುಂಕುಮದ ಬಟ್ಟಲಿನಂತೆ ಸೌಮ್ಯನಾಗಿ ಕಾಣುವನು. ಆದರೆ ಆ ಕೆಂಪು ಸೂರ್ಯನದಲ್ಲ. ಓರೆಯಾಗಿ ಬಂದ ಬೆಳಕು ಹಾಯಬೇಕಾದ ದಪ್ಪನೆಯ ವಾಯುಸ್ತರದಲ್ಲಿ ಗಾಳಿಯ ಅಣುಗಳೂ ಬಂಡಿಯ ಹಾದಿಯಿಂದೆದ್ದ ಧೂಳಿನ ಕಣಗಳೂ ಕೂಡಿಕೊಂಡು ನೀಲಿಯ ಕಿರುದೆರೆಗಳನ್ನು ದಾರಿಯಲ್ಲಿಯೇ ಚದುರಿಸಿ, ಕೆಂಪಿನ ನೀಳ್ದೆರೆಗಳನ್ನು ಮಾತ್ರ ಮುಂದಕ್ಕೆ ಬಿಟ್ಟುದರಿಂದ ಒದಗಿದ ಬಣ್ಣ ಅದು. ಇದನ್ನು ನಷ್ಟದ ಕೆಂಪೆಂದು ಕರೆಯೋಣ.

ಇನ್ನೊಂದು ಬಗೆಯ ಕೆಂಪನ್ನು ಅರಿಯಬೇಕಾದರೆ ಶಿಗ್ಗಾವಿಯ ಬಳಿ ಹೆದ್ದಾರಿಯ ಮಗ್ಗುಲಲ್ಲಿ ನಿಲ್ಲಬೇಕು. ಹಾರ್ನ್ ಒತ್ತುತ್ತಲೇ ಬಂದ ಲಾರಿ ನಮ್ಮನ್ನು ದಾಟಿದೊಡನೆ ಅದರ ಸ್ವರ ತಗ್ಗುತ್ತದೆ. ಲಾರಿಯೊಳಗಿನ ಚಾಲಕನಿಗೆ ಕೇಳುವ ಸ್ವರದಲ್ಲಿ ಯಾವ ವ್ಯತ್ಯಾಸವೂ ಇಲ್ಲ, ದೂರ ಸರಿಯುತ್ತಿರುವ ಮೂಲದಿಂದ ನಮಗೆ ಬರುವ ಅಲೆಗಳು ಮಾತ್ರ ಒಂದೊಂದೂ ಉದ್ದವಾಗಿರುತ್ತವೆ. 1842ರಲ್ಲಿ ಡಾಪ್ಲರ್ ಎಂಬ ಆಸ್ಟ್ರಿಯದ ವಿದ್ವಾಂಸನು ಈ ತತ್ತ್ವವನ್ನು ಬೆಳಕಿಗೂ ಅನ್ವಯಿಸಿದನು. ಗೆಲಾಕ್ಸಿಗಳ ವಿಷಯದಲ್ಲಿ ಈ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ನಮ್ಮೊಡನೆ ಬರುವುದು. ಅಲ್ಲಿ ಬೆಳಕು ಪಯಣಿಸುತ್ತಿರುವಾಗ ಅವಕಾಶವೇ ಹಿಗ್ಗುತ್ತ, ತನ್ನೊಡನೆ ಅಲೆಯನ್ನೂ ಹಿಗ್ಗಿಸುತ್ತದೆ. ಈ ಎರಡನೆಯ ಕೆಂಪಿಗೆ ಕೆಂಪುಪಲ್ಲಟವೆಂದು ಹೆಸರು. ಇದರಲ್ಲಿ ಯಾವ ಬಣ್ಣವೂ ದಾರಿಯಲ್ಲಿ ಕಳೆದುಹೋಗುವುದಿಲ್ಲ. ಎಲ್ಲ ಬಣ್ಣಗಳೂ ಒಂದೇ ಪ್ರಮಾಣದಲ್ಲಿ ನೀಳವಾಗುತ್ತವೆ.

ಎರಡನ್ನೂ ಬೇರ್ಪಡಿಸುವ ಉಪಾಯವು ರೋಹಿತದ ಗೆರೆಗಳಲ್ಲಿದೆ. ನಕ್ಷತ್ರಗಳ ಹೊರಪದರದ ಕ್ಯಾಲ್ಸಿಯಂ 393.4 ಮತ್ತು 396.8 ನ್ಯಾನೊಮೀಟರುಗಳ ಬಳಿ ಬೆಳಕನ್ನು ಹೀರಿ ಅವಳಿ ಕಪ್ಪುಗೆರೆಗಳನ್ನು ಬಿಡುತ್ತದೆ. ಧೂಳು ಆ ಗೆರೆಗಳ ಸುತ್ತಲಿನ ಬೆಳಕನ್ನು ಮಂಕಾಗಿಸಬಲ್ಲುದೇ ಹೊರತು ಗೆರೆಯನ್ನು ಕೂದಲೆಳೆಯಷ್ಟೂ ಕದಲಿಸಲಾರದು. ಗೆರೆ ಕದಲಿದ್ದರೆ ಅದು ಪಲ್ಲಟವೇ ಸರಿ. 1912ರಲ್ಲಿ ವೆಸ್ಟೊ ಸ್ಲೈಫರ್ ಒಂದು ಗೆಲಾಕ್ಸಿಯ ಗೆರೆಗಳ ಪಲ್ಲಟವನ್ನು ಮೊದಲಿಗೆ ಅಳೆದನು. ದೂರ ಹೆಚ್ಚಿದಷ್ಟೂ ಪಲ್ಲಟ ಹೆಚ್ಚೆಂಬುದನ್ನು 1929ರಲ್ಲಿ ಹಬಲ್ ತೋರಿಸಿದ ಮೇಲೆ, ಆ ಗೆರೆಗಳೇ ದೂರದ ಅಳತೆಗೋಲಾದುವು.

ಅಳತೆಗೋಲು ಏತಕ್ಕೆ ಬೇಕಾಯಿತೆಂದರೆ, ಕಾಂತಿಯೊಂದನ್ನೇ ನಂಬಿದರೆ ಮೋಸಹೋಗುವೆವು. ಸವಣೂರಿನ ದೊಡ್ಡಹುಣಸೆ ಮರಗಳನ್ನು ಅರಿಯದವನು ದೂರದ ಹೊಲದಿಂದ ಅವನ್ನು ನೋಡಿದರೆ, ಹತ್ತಿರದಲ್ಲಿಯೇ ಇರುವ ಸಾಧಾರಣ ಮರಗಳೆಂದು ತಿಳಿದಾನು. ಬುಡಕ್ಕೆ ಹೋಗಿ ನಿಂತಾಗಲೇ ಆ ಕಾಂಡದ ಸುತ್ತಳತೆ ಅವನನ್ನು ಬೆರಗುಗೊಳಿಸುವುದು. ಗೆಲಾಕ್ಸಿಯ ಬುಡಕ್ಕೆ ಹೋಗುವವರಾರು?

ಹಾಗಾದರೆ ಯಾವ ಗೆಲಾಕ್ಸಿಗಳನ್ನು ಅಳೆಯಬೇಕು? ನೀಲಿ ಬೆಳಕಿನಲ್ಲಿ ಆರಿಸಿದರೆ ಹೊಸದಾಗಿ ಹುಟ್ಟಿದ ಕೆಲವೇ ನಕ್ಷತ್ರಗಳ ಆಡಂಬರಕ್ಕೆ ಮನ್ನಣೆ ಸಲ್ಲುವುದು. ಧೂಳು ಮುಸುಕಿದ ಗೆಲಾಕ್ಸಿಗಳು ಲೆಕ್ಕಕ್ಕೇ ಬಾರವು. ಕಣ್ಣಿಗೆ ಕಾಣುವ ಕೆಂಪಿನಿಂದ ಸ್ವಲ್ಪ ಆಚೆಗಿರುವ, ಸುಮಾರು 2 ಮೈಕ್ರಾನ್ ಉದ್ದದ ಸಮೀಪ ಅವಕೆಂಪು ಅಲೆಯಾದರೋ ಧೂಳನ್ನು ಬಹುಮಟ್ಟಿಗೆ ಹಾಯ್ದು ಬರುತ್ತದೆ. ಗೆಲಾಕ್ಸಿಯ ನಾಕ್ಷತ್ರಿಕ ದ್ರವ್ಯದಲ್ಲಿ ಬಹುಭಾಗವನ್ನು ಹೊತ್ತಿರುವ ಹಳೆಯ ತಾರೆಗಳು ಹೊಳೆಯುವುದೂ ಆ ಅಲೆಯಲ್ಲಿಯೇ. ಎಂದರೆ, ನಷ್ಟದ ಕೆಂಪಿನ ಕಾಟವನ್ನು ತಪ್ಪಿಸಿಕೊಂಡು ಪಲ್ಲಟದ ಕೆಂಪನ್ನು ಅಳೆಯಹೊರಡುವ ಜಾಣ್ಮೆ ಇದು. 1997ರಿಂದ 2001ರವರೆಗೆ ಅರಿಜೋನದಲ್ಲಿ ಒಂದು, ಚಿಲಿಯಲ್ಲಿ ಒಂದು, ಹೀಗೆ 1.3 ಮೀಟರಿನ ಎರಡು ದೂರದರ್ಶಕಗಳು ಆಕಾಶವನ್ನೆಲ್ಲ ಈ ಬೆಳಕಿನಲ್ಲಿ ಚಿತ್ರಿಸಿ, ಚುಕ್ಕಿಯಾಗಿರದೆ ಹರಡಿಕೊಂಡ ಸುಮಾರು 16 ಲಕ್ಷ ಕಾಯಗಳನ್ನು ಪಟ್ಟಿಮಾಡಿದುವು. ಟೂಮಾಸ್ ಎಂದು ಪ್ರಸಿದ್ಧವಾದ ಆ ಪಟ್ಟಿಯಲ್ಲಿ ಸ್ಥಾನವೂ ಕಾಂತಿಯೂ ಇದ್ದುವು, ದೂರವಿರಲಿಲ್ಲ.

ದೂರವನ್ನು ತುಂಬಿಕೊಟ್ಟ ಯಂತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ಆಸ್ಟ್ರೇಲಿಯದ ಸೈಡಿಂಗ್ ಸ್ಪ್ರಿಂಗ್ ಬೆಟ್ಟದ 1.2 ಮೀಟರ್ ಶ್ಮಿಟ್ ದೂರದರ್ಶಕಕ್ಕೆ ಜೋಡಿಸಿದ್ದ 6ಡಿಎಫ್. ಹನ್ನೆರಡು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು ಅಗಲದ ಆಕಾಶವು ಅದಕ್ಕೆ ಒಂದೇ ನೋಟದಲ್ಲಿ ದಕ್ಕುತ್ತಿತ್ತು. ಆ ನೋಟವು ಮೂಡುವ ಬಾಗಿದ ಫಲಕದ ಮೇಲೆ ಯಾಂತ್ರಿಕ ಹಸ್ತವೊಂದು 150 ಪುಟ್ಟ ಗುಂಡಿಗಳನ್ನು ಒಂದೊಂದಾಗಿ ಎತ್ತಿ, ಒಂದೊಂದು ಗೆಲಾಕ್ಸಿಯ ಬಿಂಬ ಬೀಳುವ ತಾಣದಲ್ಲಿ ಇರಿಸುತ್ತಿತ್ತು. ಗುಂಡಿಯ ತಳದಲ್ಲಿರುವ ಅಯಸ್ಕಾಂತ ಅದನ್ನು ಕದಲದಂತೆ ಹಿಡಿಯುತ್ತಿತ್ತು. ಅದರೊಳಗಿನ ಅಶ್ರಗ ಬೆಳಕನ್ನು ಅಡ್ಡಕ್ಕೆ ತಿರುಗಿಸಿ ಕೂದಲಿನಷ್ಟು ಸಪೂರವಾದ ಗಾಜಿನ ಎಳೆಯೊಳಕ್ಕೆ ಕಳುಹುತ್ತಿತ್ತು. ಎಳೆಗಳ ಇನ್ನೊಂದು ತುದಿಗಳೆಲ್ಲ ರೋಹಿತದರ್ಶಕದ ಮುಂದೆ ಒಂದೇ ಸಾಲಿನಲ್ಲಿ ನಿಂತಿದ್ದುದರಿಂದ, ಆಕಾಶದಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಗೆಲಾಕ್ಸಿಗಳ ರೋಹಿತಗಳು ಪುಸ್ತಕದ ಪಂಕ್ತಿಗಳಂತೆ ಒಂದರ ಕೆಳಗೊಂದು ಅಚ್ಚಾಗುತ್ತಿದ್ದುವು. ಒಂದು ಫಲಕವು ಗಂಟೆಗೂ ಹೆಚ್ಚು ಕಾಲ ಬೆಳಕುಣ್ಣುತ್ತಿರುವಾಗ, ಹಸ್ತವು ಮುಂದಿನ ಫಲಕವನ್ನು ಅಣಿಗೊಳಿಸುತ್ತಿತ್ತು. ಆರಿಸಿದ್ದು ಅವಕೆಂಪಿನಲ್ಲಾದರೂ ಗೆರೆಗಳನ್ನು ಓದಿದ್ದು ಕಣ್ಣಿಗೆ ಕಾಣುವ ಬೆಳಕಿನಲ್ಲಿಯೇ. ಪಲ್ಲಟವನ್ನು ಗಣಕಯಂತ್ರ ಲೆಕ್ಕಮಾಡಿದ ಮೇಲೆಯೂ, ಪ್ರತಿಯೊಂದು ರೋಹಿತವನ್ನು ಮನುಷ್ಯರು ಕಣ್ಣಾರೆ ನೋಡಿ ಅದರ ವಿಶ್ವಾಸಾರ್ಹತೆಗೆ ಅಂಕವಿತ್ತರೆಂಬುದು ನನ್ನ ಮನಸ್ಸಿಗೆ ಬಹಳ ಹಿಡಿಸಿದ ಸಂಗತಿ. 2001ರಿಂದ 2006ರವರೆಗಿನ ಈ ದುಡಿಮೆಯಿಂದ 1,25,071 ಗೆಲಾಕ್ಸಿಗಳ ಪಲ್ಲಟ ದೊರೆಯಿತು.

ಲೆಕ್ಕ ಕಠಿನವಲ್ಲ. ಜಲಜನಕದ 656.3 ನ್ಯಾನೊಮೀಟರಿನ ಗೆರೆ 669.4ರಲ್ಲಿ ಕಂಡಿತೆನ್ನೋಣ. ಸರಿದ 13.1ನ್ನು 656.3ರಿಂದ ಭಾಗಿಸಿದರೆ ಪಲ್ಲಟ 0.02, ಬೆಳಕಿನ ವೇಗದಿಂದ ಗುಣಿಸಿದರೆ ಸೆಕೆಂಡಿಗೆ 6,000 ಕಿಲೋಮೀಟರ್, ಇದಕ್ಕೆ ಸಲ್ಲುವ ದೂರ ಸುಮಾರು 28 ಕೋಟಿ ಜ್ಯೋತಿರ್ವರ್ಷ. ಆ ಬೆಳಕು ಹೊರಟಾಗ ಭೂಮಿಯ ಮೇಲೆ ಹುಲ್ಲೂ ಇರಲಿಲ್ಲ, ಹೂವೂ ಇರಲಿಲ್ಲ. ಆದರೆ ನಮ್ಮ ಸೀಮೆಯ ಧಾರವಾಡ ಶಿಲಾಸಮೂಹಕ್ಕೆ ಆಗಲೇ ಇನ್ನೂರು ಕೋಟಿ ವರ್ಷ ಕಳೆದಿದ್ದುವು.

ಕನ್ನಡ ನಾಡಿನಲ್ಲಿಯೂ ಈ ವಿದ್ಯೆಗೆ ನೆಲೆಯುಂಟು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು ಲಡಾಖಿನ ಹಾನ್ಲೆಯಲ್ಲಿ, 4,500 ಮೀಟರ್ ಎತ್ತರದಲ್ಲಿ ಸ್ಥಾಪಿಸಿದ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವು 2000ದಲ್ಲಿ ಮೊದಲ ಬೆಳಕನ್ನು ಕಂಡಿತು. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಹೊಸಕೋಟೆಯಿಂದ. ಅವಕೆಂಪನ್ನು ನುಂಗುವ ನೀರಾವಿ ಅಲ್ಲಿಯ ಒಣಹವೆಯಲ್ಲಿ ಅತ್ಯಲ್ಪವಾಗಿರುವುದರಿಂದ, 1ರಿಂದ 2.5 ಮೈಕ್ರಾನಿನವರೆಗಿನ ರೋಹಿತವನ್ನು ಹಿಡಿಯುವ ಉಪಕರಣವೂ ಅಲ್ಲಿದೆ.

6ಡಿಎಫ್‌ನಂತಹ ಯಂತ್ರಗಳು ಇಷ್ಟೆಲ್ಲ ಅಳೆದುದರಿಂದ ಮೂರು ಆಯಾಮಗಳ ಭೂಪಟದಂತಹ ಖಪಟವೊಂದು ದೊರಕಿತು. ಜಾನ್ ಹುಕ್ರಾ ಎಂಬ ಖಗೋಳಜ್ಞನ ತಂಡ, ಅವನು 2010ರಲ್ಲಿ ತೀರಿಕೊಂಡ ಬಳಿಕ, ಟೂಮಾಸಿನ ಸುಮಾರು 43,500 ಪ್ರಕಾಶಮಾನ ಗೆಲಾಕ್ಸಿಗಳ ಪಲ್ಲಟವನ್ನು 2012ರಲ್ಲಿ ಪ್ರಕಟಿಸಿತು. ಆಕಾಶದ ನೂರರಲ್ಲಿ 91 ಪಾಲು ಅದರಲ್ಲಿ ಅಡಕವಾಯಿತು. ಉಳಿದ ಒಂಬತ್ತು ಪಾಲು ಎಲ್ಲಿದೆಯೆಂದು ನೋಡಬೇಕಾದರೆ, ವೈಶಾಖದ ಅಮಾವಾಸ್ಯೆಯ ನಡುರಾತ್ರಿ ಹಿರೇಕೆರೂರಿನ ಕೆರೆಯ ಏರಿಯ ಮೇಲೆ ನಿಂತು ತೆಂಕಣಕ್ಕೆ ತಿರುಗಬೇಕು. ಆಕಾಶಗಂಗೆಯ ಬೆಳ್ಳನೆಯ ಪಟ್ಟಿಯನ್ನು ಅಲ್ಲಲ್ಲಿ ಸೀಳಿದ ಕಪ್ಪು ಬಿರುಕುಗಳು ತಾರೆಗಳಿಲ್ಲದ ಬಯಲುಗಳಲ್ಲ, ನಮ್ಮ ಗೆಲಾಕ್ಸಿಯದೇ ಧೂಳು. ಅದರ ತೀರ ದಟ್ಟವಾದ ನಡುಪಟ್ಟಿಯಲ್ಲಿ, ತಾರೆಗಳ ಸಂದಣಿಯೂ ಸೇರಿ, ಅವಕೆಂಪೂ ಸೋಲುತ್ತದೆ. ಸೆಕೆಂಡಿಗೆ ಸುಮಾರು 600 ಕಿಲೋಮೀಟರ್ ವೇಗದಿಂದ ಸಾಗುತ್ತಿರುವ ನಮ್ಮ ಗೆಲಾಕ್ಸಿಯನ್ನು ಸೆಳೆಯುತ್ತಿರುವ ರಾಶಿಗಳಲ್ಲಿ ಒಂದು, ವೃಶ್ಚಿಕದ ಕೆಳಗೆ, ದಿಗಂತಕ್ಕೆ ಸಮೀಪದಲ್ಲಿ, ಆ ಪಟ್ಟಿಯ ಅಂಚಿನ ಹಿಂದೆಯೇ ಇದೆ.