ಮನೆಯ ನೋವು ಕಾದಂಬರಿಯಾದಾಗ

ಕಾದಂಬರಿಕಾರರಿಗೆ ಕಥೆ ಎಲ್ಲಿಂದ ಸಿಗುತ್ತದೆ? ಎಷ್ಟೋ ಸಲ ಅವರ ಮನೆಯೊಳಗಿನಿಂದಲೇ.

ಫ್ರೆಂಚ್ ಸಾಹಿತಿ ಆಲ್ಬರ್ಟ್ ಕಾಮೂ ಅವರನ್ನೇ ನೋಡಿ. 1913ರಲ್ಲಿ ಅಲ್ಜೀರಿಯಾದ ಬಡ ಕುಟುಂಬದಲ್ಲಿ ಹುಟ್ಟಿದ ಅವರಿಗೆ ವರ್ಷ ತುಂಬುವ ಮೊದಲೇ ತಂದೆ ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ತೀರಿಕೊಂಡರು. ಓದುಬರಹ ತಿಳಿಯದ, ಕಿವಿಯೂ ಸರಿಯಾಗಿ ಕೇಳದ ತಾಯಿ ಮನೆಗೆಲಸ ಮಾಡಿ ಮಕ್ಕಳನ್ನು ಸಾಕಿದರು. 1957ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಮಗ, ಕಾಣದ ತಂದೆಯನ್ನು ಹುಡುಕುವ ಕಥೆಯನ್ನು ಬರೆಯುತ್ತಿದ್ದರು. 1960ರ ಜನವರಿಯಲ್ಲಿ ಕಾರು ಅಪಘಾತದಲ್ಲಿ ಅವರು ಮಡಿದಾಗ ಆ ಹಸ್ತಪ್ರತಿ ಜೊತೆಯಲ್ಲೇ ಇತ್ತು. ಅದು ಅಚ್ಚಾದದ್ದು 1994ರಲ್ಲಿ, ಮಗಳ ಮೂಲಕ.

ಇಂತಹುದೇ ಕಥೆ ನಮ್ಮ ಕನ್ನಡದಲ್ಲೂ ಇದೆ. ಎಸ್.ಎಲ್. ಭೈರಪ್ಪನವರು 1931ರಲ್ಲಿ ಹಾಸನ ಜಿಲ್ಲೆಯ ಸಂತೇಶಿವರದಲ್ಲಿ ಹುಟ್ಟಿದರು. ಬಾಲ್ಯದಲ್ಲೇ ಪ್ಲೇಗು ಅವರ ಒಡಹುಟ್ಟಿದವರನ್ನೂ ತಾಯಿ ಗೌರಮ್ಮನವರನ್ನೂ ಕಸಿದುಕೊಂಡಿತು. ಆ ನೋವು 1970ರಲ್ಲಿ ‘ಗೃಹಭಂಗ’ ಕಾದಂಬರಿಯಾಯಿತು.

ಅದರ ನಂಜಮ್ಮನನ್ನು ಓದಿದವರು ಮರೆಯಲಾರರು. ಗಂಡ ಶಾನುಭೋಗ, ಆದರೆ ಜವಾಬ್ದಾರಿಯಿಲ್ಲದವನು. ಅತ್ತೆಯ ಬಾಯಿ ಕಠಿಣ. ಗಂಡನ ಲೆಕ್ಕದ ಪುಸ್ತಕಗಳನ್ನು ತಾನೇ ಬರೆದು, ಎಲೆ ಹಚ್ಚಿ ಮಾರಿ ನಂಜಮ್ಮ ಮನೆ ನಡೆಸುತ್ತಾಳೆ. ಪ್ಲೇಗು ಮಕ್ಕಳನ್ನು ಒಯ್ದರೂ ಎದ್ದು ನಿಲ್ಲುತ್ತಾಳೆ. ಕೊನೆಗೆ ತಾನೂ ಅದಕ್ಕೇ ಬಲಿಯಾಗುತ್ತಾಳೆ. ಮುಂದೆ ಗಿರೀಶ್ ಕಾಸರವಳ್ಳಿಯವರು ಇದನ್ನು ಧಾರಾವಾಹಿಯಾಗಿಯೂ ತೆರೆಗೆ ತಂದರು.

ಭೈರಪ್ಪನವರು ತಮ್ಮ ಬದುಕನ್ನು ನೇರವಾಗಿ ಹೇಳಿದ್ದು 1996ರ ಆತ್ಮಕಥೆ ‘ಭಿತ್ತಿ’ಯಲ್ಲಿ. ಕಾದಂಬರಿಯಲ್ಲಿ ಹೆಸರು ಬೇರೆ, ಘಟನೆಗಳ ಜೋಡಣೆ ಬೇರೆ. ಹಾಗಾಗಿಯೇ ನಂಜಮ್ಮ ಒಬ್ಬರ ತಾಯಿಯಾಗಿ ಉಳಿಯಲಿಲ್ಲ. ಸದ್ದಿಲ್ಲದೆ ದುಡಿದು ಸವೆದ ತಮ್ಮ ಅಜ್ಜಿಯನ್ನೋ ಅತ್ತಿಗೆಯನ್ನೋ ಓದುಗರು ಅವಳಲ್ಲಿ ಕಂಡರು. 2025ರ ಸೆಪ್ಟೆಂಬರ್‌ನಲ್ಲಿ ಭೈರಪ್ಪನವರು ತೀರಿಕೊಂಡರು. ನಂಜಮ್ಮ ನಮ್ಮೊಡನೆ ಉಳಿದಿದ್ದಾಳೆ.

ಪ್ರಿಯ ಓದುಗರೇ, ನಾವೆಲ್ಲರೂ ಕಾದಂಬರಿ ಬರೆಯಲಾರೆವು. ಆದರೆ ನಮ್ಮ ಮನೆಗಳಲ್ಲೂ ಇಂತಹ ಹೆಂಗಸರು ಬಾಳಿ ಹೋಗಿದ್ದಾರೆ. ನಾಂದಣಿ, ಗಡಹಿಂಗ್ಲಜದಂತಹ ಗಡಿಭಾಗದ ಕನ್ನಡ ಮನೆಗಳಲ್ಲಿ ಈ ಮಾತಿಗೆ ಇನ್ನೂ ತೂಕವಿದೆ. ಅಜ್ಜಿ ಕನ್ನಡದಲ್ಲಿ ನೆನೆಯುತ್ತಾಳೆ, ಮೊಮ್ಮಗ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಓದುತ್ತಾನೆ. ನಡುವೆ ಒಬ್ಬರು ಕೇಳಿ ಬರೆದಿಡದಿದ್ದರೆ ಕಥೆ ಅಜ್ಜಿಯೊಡನೆಯೇ ಹೋಗುತ್ತದೆ.

ಒಂದು ನೋಟ್‌ಬುಕ್ ಸಾಕು. ಯಾವ ಊರಿಂದ ಬಂದೆವು, ಯಾವ ವರ್ಷ ಹೊಲ ಮಾರಿದೆವು, ಯಾವ ರೋಗ ಯಾರನ್ನು ಒಯ್ದಿತು, ಕಷ್ಟದಲ್ಲಿ ಯಾರು ಅನ್ನ ಕೊಟ್ಟರು ಎಂದು ಹಿರಿಯರನ್ನು ಕೇಳಿ. ಅವರು ಹೇಳಿದ ಮಾತಿನಲ್ಲೇ ಬರೆದಿಡಿ. ಈ ಭಾನುವಾರವೇ ಶುರುಮಾಡಿ.