ಗ್ರಾಮ ಪಂಚಾಯತಿ ಕಚೇರಿಯ ಗಣಕಯಂತ್ರಕ್ಕೆ ಅಂತರ್ಜಾಲ ಸಂಪರ್ಕ: ಕೇಬಲ್ ಮತ್ತು ವೈ-ಫೈ

ಮಾನ್ಯ ಸದಸ್ಯರ ಮಾಹಿತಿಗಾಗಿ:

ಇ-ಸ್ವತ್ತಿನ ನಮೂನೆ 9 ಮತ್ತು 11ಬಿ, ಪಂಚತಂತ್ರದ ಲೆಕ್ಕಪತ್ರ, ಬಾಪೂಜಿ ಸೇವಾ ಕೇಂದ್ರದ ಅರ್ಜಿಗಳು ಇಂದು ಅಂತರ್ಜಾಲವಿಲ್ಲದೆ ಮುಂದೆ ಸಾಗುವುದಿಲ್ಲ. "ನೆಟ್ ಇಲ್ಲ, ನಾಳೆ ಬನ್ನಿ" ಎಂಬ ಒಂದು ಮಾತಿನಿಂದ ಕೂಲಿಕಾರರೊಬ್ಬರ ಒಂದು ದಿನದ ಸಂಪಾದನೆ ನಷ್ಟವಾಗುತ್ತದೆ. ದೋಷವು ಅನೇಕ ಸಲ ಕಚೇರಿಯ ಒಳಗೇ, ಗೋಡೆಯಿಂದ ಮೇಜಿನವರೆಗಿನ ಕೆಲವೇ ಅಡಿಗಳಲ್ಲಿ ಇರುತ್ತದೆ. ಆದುದರಿಂದ ಈ ವ್ಯವಸ್ಥೆಯ ಸ್ವರೂಪವನ್ನು ಸದಸ್ಯರು ತಿಳಿದಿರುವುದು ಅವಶ್ಯ.

ಸಂಪರ್ಕ ಬರುವ ಬಗೆ

2011ರಲ್ಲಿ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲವೆಂದು ಮಂಜೂರಾಗಿ, ನಂತರ ಭಾರತ್‌ನೆಟ್ ಎಂಬ ಹೆಸರು ಪಡೆದ ಯೋಜನೆಯಡಿ ಗ್ರಾಮ ಪಂಚಾಯತಿಗಳಿಗೆ ಗಾಜಿನ ಎಳೆಯ ಕೇಬಲ್ ಎಳೆಯಲಾಗಿದೆ. ಆ ಎಳೆಯಲ್ಲಿ ಮಾಹಿತಿಯು ಬೆಳಕಿನ ರೂಪದಲ್ಲಿ ಬರುತ್ತದೆ. ಗೋಡೆಗೆ ಅಳವಡಿಸಿದ ಒಎನ್‌ಟಿ ಪೆಟ್ಟಿಗೆಯು ಅದನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಅಲ್ಲಿಂದ ರೌಟರ್ ಅದನ್ನು ಹಲವು ಗಣಕಯಂತ್ರಗಳಿಗೆ ಹಂಚುತ್ತದೆ. ಊರಿನ ನೀರಿನ ಟ್ಯಾಂಕಿಗೆ ಹೋಲಿಸಿದರೆ, ಫೈಬರ್ ಮುಖ್ಯ ಕೊಳವೆ, ರೌಟರ್ ಮನೆ ಮನೆಗೆ ನೀರು ಹಂಚುವ ವಾಲ್ವ್.

ಕೇಬಲ್ ಸಂಪರ್ಕ

ಕ್ಯಾಟ್-6 ಕೇಬಲ್‌ನೊಳಗೆ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹೆಣೆದಿರುತ್ತವೆ. ಎರಡೂ ತುದಿಗಳಲ್ಲಿ ಆರ್‌ಜೆ-45 ಪ್ಲಗ್ ಇರುತ್ತದೆ. ಒಂದನ್ನು ರೌಟರಿಗೂ ಇನ್ನೊಂದನ್ನು ಸಿಪಿಯುವಿನ ಹಿಂಭಾಗದ ಪೋರ್ಟಿಗೂ "ಟಕ್" ಎಂಬ ಸದ್ದು ಬರುವಂತೆ ಸೇರಿಸಿದರೆ ಸಾಕು. ಸಾಮಾನ್ಯವಾಗಿ ಗುಪ್ತಪದ ಬೇಕಾಗುವುದಿಲ್ಲ. ಒಂದು ಕೇಬಲ್ 100 ಮೀಟರ್ ಮೀರಬಾರದು. ತಾಮ್ರ ಲೇಪಿತ ಅಲ್ಯೂಮಿನಿಯಂ ಕೇಬಲ್ ಅಗ್ಗವಾದರೂ ಬಾಗಿದಾಗ ಬೇಗ ತುಂಡಾಗುವುದರಿಂದ ಶುದ್ಧ ತಾಮ್ರದ್ದನ್ನೇ ಖರೀದಿಸಬೇಕು. ಅದನ್ನು ವಿದ್ಯುತ್ ತಂತಿಯೊಂದಿಗೆ ಒಂದೇ ಪೈಪಿನಲ್ಲಿ ಎಳೆಯಬಾರದು.

ವೈ-ಫೈ ಸಂಪರ್ಕ

ಅನೇಕ ಮೇಜಿನ ಗಣಕಯಂತ್ರಗಳಲ್ಲಿ ವೈ-ಫೈ ಗ್ರಾಹಕ ಇರುವುದಿಲ್ಲ. ಯುಎಸ್‌ಬಿ ಅಡಾಪ್ಟರ್ ಜೋಡಿಸಬೇಕಾಗುತ್ತದೆ. ಅನಂತರ ಪರದೆಯ ಕೆಳಮೂಲೆಯ ಜಾಲದ ಚಿಹ್ನೆಯನ್ನು ಒತ್ತಿ, ಕಚೇರಿಯ ವೈ-ಫೈ ಹೆಸರನ್ನು ಆರಿಸಿ, ಗುಪ್ತಪದ ನಮೂದಿಸಬೇಕು. 2.4 ಗಿಗಾಹರ್ಟ್ಸ್ ತರಂಗ ದೂರಕ್ಕೆ ತಲುಪುತ್ತದೆ, ಆದರೆ ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗವಾದದ್ದು, ಆದರೆ ಗೋಡೆ ದಾಟಿದಂತೆ ಕ್ಷೀಣಿಸುತ್ತದೆ. ದಪ್ಪ ಕಲ್ಲಿನ ಗೋಡೆ ಹಾಗೂ ಕಬ್ಬಿಣದ ಬೀರು ಎರಡಕ್ಕೂ ಅಡ್ಡಿ.

ಡಿಜಿಟಲ್ ಸಹಿ ಬಳಸುವ ಹಾಗೂ ಹಣ ಪಾವತಿಯ ಗಣಕಯಂತ್ರಕ್ಕೆ ಕೇಬಲ್ ಸಂಪರ್ಕವೇ ಸೂಕ್ತ. ಸಭಾಂಗಣಕ್ಕೂ ಸಂದರ್ಶಕರಿಗೂ ವೈ-ಫೈ ಸಾಕು; ಆದರೆ ಸಾರ್ವಜನಿಕರಿಗೆ ರೌಟರ್‌ನಲ್ಲಿ ಪ್ರತ್ಯೇಕ ಅತಿಥಿ ಜಾಲ ರೂಪಿಸಬೇಕು. ರೌಟರಿನೊಂದಿಗೆ ಬಂದ ಮೂಲ ಗುಪ್ತಪದವನ್ನು ಮೊದಲ ದಿನವೇ ಬದಲಿಸತಕ್ಕದ್ದು.

ಸಂಪರ್ಕ ಕಡಿತವಾದಾಗ ಪರಿಶೀಲಿಸುವ ಕ್ರಮ

1. ಒಎನ್‌ಟಿ ಹಾಗೂ ರೌಟರಿಗೆ ವಿದ್ಯುತ್ ಇದೆಯೇ? ಗಣಕಯಂತ್ರ ಮಾತ್ರ ಯುಪಿಎಸ್‌ಗೆ ಸೇರಿದ್ದರೆ, ಕರೆಂಟು ಹೋದಾಗ ಯಂತ್ರ ನಡೆದರೂ ಅಂತರ್ಜಾಲ ನಿಲ್ಲುತ್ತದೆ.
2. ಒಎನ್‌ಟಿಯಲ್ಲಿ "ಎಲ್‌ಒಎಸ್" ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕಿನ ಸಂಕೇತ ಬರುತ್ತಿಲ್ಲ. ಸೇವಾದಾರರಿಗೆ ದೂರು ನೀಡಬೇಕು.
3. ಸಿಪಿಯುವಿನ ಪೋರ್ಟಿನ ದೀಪ ಉರಿಯದಿದ್ದರೆ ಕೇಬಲ್ ಅಥವಾ ಪ್ಲಗ್ ಬದಲಿಸಿ ನೋಡಬೇಕು.
4. ಗಣಕಯಂತ್ರದ ಐಪಿ ವಿಳಾಸ 169.254 ಎಂದು ಆರಂಭವಾದರೆ ರೌಟರ್ ವಿಳಾಸ ನೀಡಿಲ್ಲವೆಂದರ್ಥ. ರೌಟರನ್ನು ಆರಿಸಿ ಪುನಃ ಚಾಲೂ ಮಾಡಬೇಕು.
5. ಬೇರೆ ಜಾಲತಾಣಗಳು ತೆರೆದು, ಇಲಾಖಾ ತಂತ್ರಾಂಶ ಮಾತ್ರ ತೆರೆಯದಿದ್ದರೆ ದೋಷ ಬಹುತೇಕ ಸರ್ವರ್‌ನದು. ಕಚೇರಿಯ ಕೇಬಲ್ ಬದಲಿಸಿ ಪ್ರಯೋಜನವಿಲ್ಲ.

ಸದಸ್ಯರು ವಹಿಸಬಹುದಾದ ಪಾತ್ರ

ಮುಂದಿನ ಸಾಮಾನ್ಯ ಸಭೆಯಲ್ಲಿ ಮೂರು ವಿಷಯಗಳನ್ನು ವಿಚಾರಿಸಬಹುದು: ಒಎನ್‌ಟಿ ಮತ್ತು ರೌಟರ್ ಯುಪಿಎಸ್‌ಗೆ ಸೇರಿವೆಯೇ, ಹೆಚ್ಚುವರಿ ಕೇಬಲ್ ಕಚೇರಿಯಲ್ಲಿದೆಯೇ, ಸಂಪರ್ಕ ಕಡಿತವಾದ ದಿನಾಂಕ, ಸಮಯ ಹಾಗೂ ದೂರು ಸಂಖ್ಯೆಯನ್ನು ವಹಿಯಲ್ಲಿ ದಾಖಲಿಸಲಾಗುತ್ತಿದೆಯೇ. ಆ ವಹಿ ಇದ್ದರೆ ಸೇವಾದಾರರನ್ನು ಪ್ರಶ್ನಿಸಲು ಆಧಾರ ದೊರೆಯುತ್ತದೆ. ಅರ್ಜಿ ಹಿಡಿದು ಬಂದವರಿಗೂ "ನಾಳೆ ಬನ್ನಿ" ಎನ್ನುವ ಬದಲು ವಿಳಂಬದ ನಿಜವಾದ ಕಾರಣವನ್ನು ತಿಳಿಸಲು ಸಾಧ್ಯವಾಗುತ್ತದೆ.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ